ಪದ ಪರಿಚಯ: ಸ್ವಂತ ಗ್ಯಾಲರಿ ಮತ್ತು ಫೋಟೋ ಸಮುದಾಯ

ಛಾಯಾಗ್ರಾಹಕರು ತಾವೇ ಬಾಡಿಗೆಗೆ ಪಡೆದ ಸರ್ವರಿನಲ್ಲಿ ಅಥವಾ ಮನೆಯಲ್ಲಿಟ್ಟ ಕಂಪ್ಯೂಟರಿನಲ್ಲಿ ಪಿವಿಗೊ, ಲೈಚಿ, ಇಮ್ಮಿಚ್‌ನಂತಹ ಮುಕ್ತ ತಂತ್ರಾಂಶವೊಂದನ್ನು ಅಳವಡಿಸಿ, ತಮ್ಮದೇ ಡೊಮೈನ್ ವಿಳಾಸದಲ್ಲಿ ಚಿತ್ರಗಳನ್ನು ತೋರಿಸುವ ವ್ಯವಸ್ಥೆಗೆ ಸೆಲ್ಫ್ ಹೋಸ್ಟೆಡ್ ಗ್ಯಾಲರಿ, ಅಂದರೆ ಸ್ವಂತ ಗ್ಯಾಲರಿ ಎನ್ನುತ್ತಾರೆ. ಫ್ಲಿಕರ್, 500ಪಿಎಕ್ಸ್, ವಿಕಿಪೀಡಿಯಕ್ಕೆ ಚಿತ್ರಗಳನ್ನು ಒದಗಿಸುವ ವಿಕಿಮೀಡಿಯ ಕಾಮನ್ಸ್‌ನಂತಹ, ಬೇರೆಯವರು ನಡೆಸುವ ತಾಣದಲ್ಲಿ ಖಾತೆ ತೆರೆದು ಸಾವಿರಾರು ಜನರ ಚಿತ್ರಗಳ ನಡುವೆ ತಮ್ಮದನ್ನೂ ಸೇರಿಸುವುದಾದರೆ ಅದು ಫೋಟೋ ಸಮುದಾಯ. ನೋಡುವವರ ಕಣ್ಣಿಗೆ ಎರಡೂ ಸಾಲಾಗಿ ಜೋಡಿಸಿದ ಚಿತ್ರಗಳೇ. ಚಿತ್ರದ ವಿಳಾಸ ಯಾರ ಹಿಡಿತದಲ್ಲಿದೆ, ಅದನ್ನು ನೋಡಲು ಯಾರು ಬರುತ್ತಾರೆ ಎಂಬೆರಡು ಪ್ರಶ್ನೆಗಳಲ್ಲಿ ಮಾತ್ರ ಇವು ಬೇರೆಯಾಗುತ್ತವೆ.

ಮೊದಲ ಪ್ರಶ್ನೆಗೆ ಫ್ಲಿಕರ್‌ನ ಚರಿತ್ರೆಯೇ ಸಾಕು. 2004ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದ ಈ ತಾಣವನ್ನು ಮರುವರ್ಷವೇ ಯಾಹೂ ಕೊಂಡುಕೊಂಡಿತು. 2013ರಲ್ಲಿ ಪ್ರತಿಯೊಬ್ಬರಿಗೂ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿತು. 2018ರಲ್ಲಿ ಸ್ಮಗ್‌ಮಗ್ ಕಂಪನಿಯ ಪಾಲಾದ ಮೇಲೆ, ಅದೇ ವರ್ಷ, ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಘೋಷಣೆಯಾಯಿತು. 500ಪಿಎಕ್ಸ್ ಕೂಡ 2018ರಲ್ಲೇ ಕೆಲವು ಷರತ್ತುಗಳ ಮೇಲೆ ಚಿತ್ರವನ್ನು ಇತರರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಆಯ್ಕೆಯನ್ನು ತೆಗೆದುಹಾಕಿತು. ಇವೆಲ್ಲ ಮೋಸವೇನಲ್ಲ, ವ್ಯಾಪಾರದ ತೀರ್ಮಾನಗಳು. ಆದರೆ ಆ ತೀರ್ಮಾನದಲ್ಲಿ ಚಿತ್ರ ತೆಗೆದವರಿಗೆ ಮಾತಿರಲಿಲ್ಲ. ಸ್ವಂತ ಗ್ಯಾಲರಿಯಲ್ಲಿ ಇಂತಹ ನಿಯಮಗಳನ್ನು ಮಾಡುವವರೂ ಅನುಭವಿಸುವವರೂ ನೀವೇ. ಡೊಮೈನ್ ಶುಲ್ಕ ಕಟ್ಟುತ್ತಿರುವಷ್ಟು ಕಾಲ, ಸರ್ವರ್ ಬದಲಾಯಿಸಿದರೂ ವಿಳಾಸವನ್ನು ಉಳಿಸಿಕೊಳ್ಳಬಹುದು.

ಎರಡನೆಯ ಪ್ರಶ್ನೆಯಲ್ಲಿ ತಕ್ಕಡಿ ಸಮುದಾಯದ ಕಡೆಗೆ ವಾಲುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಪಟ್ಟಿಗಳನ್ನು ಒಬ್ಬರು ಎಷ್ಟೇ ಶ್ರದ್ಧೆಯಿಂದ ಚಿತ್ರಿಸಿ ಸ್ವಂತ ಗ್ಯಾಲರಿಯಲ್ಲಿ ಇಟ್ಟರೂ, ಕೊಂಡಿ ಕಳಿಸಿಕೊಟ್ಟ ನೆಂಟರಿಷ್ಟರನ್ನು ಬಿಟ್ಟರೆ ಅಲ್ಲಿಗೆ ದಾರಿ ಹುಡುಕಿಕೊಂಡು ಬರುವವರು ಕಡಿಮೆ. ಅದೇ ಚಿತ್ರವನ್ನು ಸರಿಯಾದ ವರ್ಗದಡಿ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಿದರೆ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇಗುಲಗಳ ಬಗ್ಗೆ ಯಾವ ಭಾಷೆಯಲ್ಲಿ ಬರೆಯುವವರಾದರೂ ಅದನ್ನು ಬಳಸಬಹುದು. ಆದರೆ ಅಲ್ಲಿ ಒಮ್ಮೆ ಕೊಟ್ಟ ಮುಕ್ತ ಪರವಾನಗಿಯನ್ನು ಹಿಂಪಡೆಯಲಾಗದು, ಹಣ ಗಳಿಸಲು ಬಳಸುವವರನ್ನೂ ತಡೆಯಲಾಗದು. ಹಾಸನದಲ್ಲಿ ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರ ವಿಷಯವೇ ಬೇರೆ. ಅವರ ಗಿರಾಕಿಗಳ ಆಲ್ಬಮ್ಮುಗಳಿಗೆ ಅಪರಿಚಿತ ನೋಡುಗರೇ ಬೇಡ. ಪಿವಿಗೊದಲ್ಲಿ ಪ್ರತಿ ಆಲ್ಬಮ್ಮನ್ನು ಯಾರು ನೋಡಬಹುದು ಎಂದು ಬೇರೆ ಬೇರೆಯಾಗಿ ನಿಗದಿ ಮಾಡುವ ಅನುಕೂಲವಿರುವುದರಿಂದ, ಅಂತಹವರಿಗೆ ಸ್ವಂತ ಗ್ಯಾಲರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಮಲೆನಾಡಿನಲ್ಲಿ ಕ್ಯಾಮೆರಾ ಹಿಡಿದು ತಿರುಗುವವರು ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಇದ್ದರೆ, ತೆಗೆದ ಪ್ರತಿ ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ ಮಾಹಿತಿಯ ಭಾಗವಾಗಿ ಅಕ್ಷಾಂಶ ರೇಖಾಂಶಗಳೂ ಸೇರಿಕೊಳ್ಳುತ್ತವೆ. ಮುಳ್ಳಯ್ಯನಗಿರಿಯ ಸೂರ್ಯೋದಯಕ್ಕೆ ಇದರಿಂದ ಹಾನಿಯಿಲ್ಲ. ಭದ್ರಾ ಅಭಯಾರಣ್ಯದ ಅಂಚಿನ ಕಾಫಿ ತೋಟದಲ್ಲಿ ಕಂಡ ಅಪರೂಪದ ಆರ್ಕಿಡ್ ಅಥವಾ ಗೂಡಿನಲ್ಲಿ ಕುಳಿತ ಹಕ್ಕಿಯ ಚಿತ್ರವಾದರೆ, ಕೀಳುವವರಿಗೂ ಹಿಡಿಯುವವರಿಗೂ ನಾವೇ ದಾರಿ ತೋರಿಸಿದಂತಾಗುತ್ತದೆ. ಜೀವಿಗಳ ದಾಖಲೆಗೆಂದೇ ಇರುವ ಐನ್ಯಾಚುರಲಿಸ್ಟ್ ಸಮುದಾಯವು ಅಪಾಯದಲ್ಲಿರುವ ಪ್ರಭೇದಗಳ ಸ್ಥಳವನ್ನು ತಾನಾಗಿಯೇ ಮಸುಕುಗೊಳಿಸಿ, ಉದ್ದಗಲ ಸುಮಾರು 20 ಕಿಲೋಮೀಟರ್ ಇರುವ ಚೌಕದೊಳಗೆಲ್ಲೋ ಇದೆಯೆಂದಷ್ಟೇ ತೋರಿಸುತ್ತದೆ. ಸ್ವಂತ ಗ್ಯಾಲರಿಯಲ್ಲಿ ಈ ಕೆಲಸವನ್ನು ನೆನಪಿಟ್ಟು ನೀವೇ ಮಾಡಬೇಕು: ಮೂಲ ಕಡತವನ್ನು ಮನೆಯಲ್ಲಿ ಉಳಿಸಿಕೊಂಡು, ಸ್ಥಳದ ಮಾಹಿತಿ ಅಳಿಸಿದ ಪ್ರತಿಯನ್ನು ಮಾತ್ರ ಏರಿಸಬೇಕು.

ಸರ್ವರನ್ನು ಮನೆಯಲ್ಲೇ ಇಡುವ ಉತ್ಸಾಹಕ್ಕೆ ನಾನು ಅಷ್ಟಾಗಿ ಬೆಂಬಲ ಕೊಡಲಾರೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲ ಹಿಡಿದರೆ ಕರೆಂಟು ಹೋದದ್ದು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅದು ಸಾಲದೆಂಬಂತೆ, ಮನೆಯ ಇಂಟರ್ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಹಂಚುವ ಪದ್ಧತಿ ಇರುವಲ್ಲಿ, ಹೊರಗಿನವರು ನಿಮ್ಮ ಕಂಪ್ಯೂಟರನ್ನು ನೇರವಾಗಿ ತಲುಪಲಾರರು. ನಿಮಗೇ ಮೀಸಲಾದ, ಬದಲಾಗದ ಸ್ಥಿರ ಐಪಿಗೆ ಬೇರೆ ಹಣ ಕೊಡಬೇಕಾಗುತ್ತದೆ. ಮನೆಮಂದಿ ಮಾತ್ರ ನೋಡುವ ಸಂಗ್ರಹಕ್ಕೆ ಮನೆಯ ಕಂಪ್ಯೂಟರ್ ಸಾಕು, ಊರಿಗೆಲ್ಲ ತೋರಿಸುವುದಕ್ಕೆ ಬಾಡಿಗೆಯ ಹೋಸ್ಟಿಂಗ್ ವಾಸಿ.

ತಂತ್ರಾಂಶಕ್ಕೂ ಆಯುಸ್ಸಿದೆ. 2000ರ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ, ಗ್ಯಾಲರಿ ಎಂಬ ಹೆಸರಿನದೇ ಮುಕ್ತ ತಂತ್ರಾಂಶದ ಅಭಿವೃದ್ಧಿಯನ್ನು ಅದರ ತಂಡ 2014ರಲ್ಲಿ ನಿಲ್ಲಿಸಿತು. ಅಪ್‌ಡೇಟ್ ಕಾಣದ ತಂತ್ರಾಂಶ ಹ್ಯಾಕರುಗಳಿಗೆ ಸುಲಭದ ತುತ್ತು. ಆದರೂ ಸರ್ವರಿನ ಫೋಲ್ಡರುಗಳಲ್ಲಿರುವ ಚಿತ್ರಗಳು ನಿಮ್ಮ ಕೈಗೆ ಸಿಗುವುದರಿಂದ ಬೇರೊಂದಕ್ಕೆ ಸಾಗಿಸಬಹುದು. ಸಮುದಾಯದಿಂದ ಹೊರಬರುವಾಗಲೂ ಫ್ಲಿಕರ್‌ನಂತಹ ತಾಣಗಳು ಚಿತ್ರಗಳನ್ನು ಮರಳಿ ಇಳಿಸಿಕೊಳ್ಳಲು ಬಿಡುತ್ತವೆ, ಆದರೆ ಉಚಿತ ಖಾತೆಯವರಿಗೆ ಮೂಲ ಗಾತ್ರದ ಚಿತ್ರ ಸಿಗದಿರಬಹುದು. ಅಲ್ಲಿ ಬೆಳೆದ ಪರಿಚಯಗಳು, ಗುಂಪುಗಳಲ್ಲಿ ಸಿಕ್ಕ ಸ್ಥಾನ ಇವು ಮಾತ್ರ ಜೊತೆಗೆ ಬರುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಅದನ್ನು ಬ್ಯಾಕಪ್ ಎಂದು ಎಣಿಸಬಾರದು. ಮೂಲ ಕಡತಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಂಬಿಕಸ್ಥರ ಬಳಿ ಇರಬೇಕು.