1944ರ ಡಾಕ್ ಸ್ಫೋಟ: ಮುಂಬಯಿ ಕಟ್ಟಿಕೊಂಡದ್ದು, ಮರೆತದ್ದು

ಎರಡನೇ ಮಹಾಯುದ್ಧದಲ್ಲಿ ಮುಂಬಯಿಯ ಮೇಲೆ ಶತ್ರು ವಿಮಾನಗಳು ಬಾಂಬು ಹಾಕಲಿಲ್ಲ. ಊರಿನ ಪೂರ್ವದಂಚು ಸುಟ್ಟುಹೋದದ್ದು ಬ್ರಿಟಿಷರೇ ತರಿಸಿದ ಮದ್ದುಗುಂಡಿನಿಂದ.

ಫೋರ್ಟ್ ಸ್ಟಿಕೀನ್ ಎಂಬ ಸರಕು ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಬಿಟ್ಟಿತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳಿದ್ದವು. ಕರಾಚಿಯಲ್ಲಿ ಸ್ವಲ್ಪ ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ ಸಾವಿರಾರು ಹತ್ತಿ ಅಂಡಿಗೆ, ಎಣ್ಣೆ ಪೀಪಾಯಿ, ಗಂಧಕ ತುಂಬಿದರು. ಮದ್ದಿನ ಜೊತೆ ಹತ್ತಿ! ಹಡಗುಗಳಿಗೆ ಬರವಿದ್ದ ಕಾಲ, ಯಾರೂ ತಡೆಯಲಿಲ್ಲ.

ಏಪ್ರಿಲ್ 12ರಂದು ಹಡಗು ವಿಕ್ಟೋರಿಯಾ ಡಾಕ್ ತಲುಪಿತು. ಸ್ಫೋಟಕ ಇದೆಯೆಂದು ಸಾರುವ ಕೆಂಪು ಬಾವುಟ ಹಾರಿಸಿರಲಿಲ್ಲ. 14ರ ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. 900 ಟನ್‌ಗೂ ಹೆಚ್ಚು ನೀರು ಸುರಿದರೂ ಬೆಂಕಿ ಆರಲಿಲ್ಲ. ಸಂಜೆ ನಾಲ್ಕು ದಾಟುತ್ತಲೇ ಹಡಗು ಸಿಡಿಯಿತು. ಅರ್ಧ ಗಂಟೆಯ ಮೇಲೆ ಮತ್ತೊಮ್ಮೆ, ಇನ್ನೂ ಜೋರಾಗಿ. ಉರಿಯುವ ಹತ್ತಿ ಹಾರಿ ಗೋಡೌನುಗಳ ಮೇಲೆ, ಜನ ಕಿಕ್ಕಿರಿದ ಚಾಳುಗಳ ಮೇಲೆ ಬಿತ್ತು. ಬಹುದೂರದ ಶಿಮ್ಲಾದಲ್ಲೂ ಕಂಪನ ದಾಖಲಾಯಿತು. ಸತ್ತವರು 800ರಿಂದ 1,300 ಎಂದು ಅಂದಾಜು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರು. ಮನೆ ಕಳೆದುಕೊಂಡವರು ಸುಮಾರು 80,000.

ಡಾಕ್ ಮಾತ್ರ ಬೇಗ ಎದ್ದು ನಿಂತಿತು. ಯುದ್ಧಕ್ಕೆ ಅದು ಬೇಕಿತ್ತು. 8,000 ಕೆಲಸಗಾರರು ಏಳು ತಿಂಗಳು ದುಡಿದು ಐದು ಲಕ್ಷ ಟನ್‌ನಷ್ಟು ಅವಶೇಷ ತೆರವು ಮಾಡಿದರು. ಇದನ್ನು ಸರಕಾರದ ಸಾಧನೆ ಎನ್ನಲು ನನಗೆ ಮನಸ್ಸಿಲ್ಲ, ಆ ಕೂಲಿಗಳ ಸಾಧನೆ ಅದು. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ಸ್ಫೋಟದ ವಿವರ ಹೇಳಿತ್ತು. ಇಲ್ಲಿನ ವರದಿಗಾರರಿಗೆ ಸುದ್ದಿ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಊರು ಇಷ್ಟು ದೊಡ್ಡ ದುರಂತವನ್ನು ಮರೆಯಲು ಆ ಸೆನ್ಸಾರ್ ಕೂಡ ಕಾರಣ ಎಂದೇ ನನ್ನ ನಂಬಿಕೆ.

ಡಾಕ್ ಕೂಲಿಗಳ ಹಕ್ಕಿಗಾಗಿ ಹೋರಾಡಿದ ಪ್ಲಾಸಿಡ್ ಡಿಮೆಲ್ಲೊ ನಮ್ಮ ಮಂಗಳೂರು ಕಡೆಯವರು. ಬಂದರಿಗೆ ತಾಗಿಕೊಂಡೇ ಸಾಗುವ ಹಳೆಯ ಫ್ರಿಯರ್ ರೋಡಿಗೆ ಈಗ ಅವರದೇ ಹೆಸರು. ಮಂಗಳೂರಿನಿಂದಲೇ ಬಂದ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಚಳವಳಿಯ ಪಾಠ ಕಲಿತದ್ದು ಅವರ ಬಳಿಯೇ. ಈ ರಸ್ತೆಯಲ್ಲಿ ದಿನವೂ ಓಡಾಡುವ ಕನ್ನಡಿಗರಿಗೆ ಇಷ್ಟಾದರೂ ಗೊತ್ತಿರಬೇಕು.

1989ರಲ್ಲಿ ಕೊಲ್ಲಿಯ ಆಚೆ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಕಂಟೇನರು ವಹಿವಾಟು ಅತ್ತ ಸರಿಯಿತು. ಪ್ರಿನ್ಸೆಸ್, ವಿಕ್ಟೋರಿಯಾ ಡಾಕ್‌ಗಳನ್ನು ಮಣ್ಣು ತುಂಬಿ ಮುಚ್ಚಲಾಗಿದೆ. ಸ್ಫೋಟದಲ್ಲಿ ಚದುರಿದ ಚಿನ್ನದ ಗಟ್ಟಿಗಳು ಹೂಳೆತ್ತುವಾಗ ದಶಕಗಳ ನಂತರವೂ ಸಿಕ್ಕಿವೆ. ಬೈಕಲಾದಲ್ಲಿ ಅಗ್ನಿಶಾಮಕ ದಳದವರಿಗೆ ಸ್ಮಾರಕವಿದೆ. ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸಪ್ತಾಹವೂ ಅವರ ನೆನಪಿಗೇ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಮುಂಬಯಿಯ ಕನ್ನಡ ಸಂಘಗಳು ಅಂಥ ಹಿರಿಯರನ್ನು ಹುಡುಕಿ, ಅವರ ಮಾತನ್ನು ಈ ವರ್ಷವೇ ರೆಕಾರ್ಡು ಮಾಡಿಡಬೇಕು.