ಮೂರು ಜನರ ಬೀಗದ ಕೈ, ಮೂರು ಸಾವಿರ ಜನರ ಮಾತು

ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊ ಊರಲ್ಲಿ ಬಿಗಿ ಕಾವಲಿನ ಒಂದು ಕೋಣೆ ಇದೆ. ಕೋಣೆಯೊಳಗೆ ತಿಜೋರಿ. ತಿಜೋರಿಯೊಳಗೆ ಸಣ್ಣ ಸಣ್ಣ ಪೆಟ್ಟಿಗೆಗಳು, ಒಂದೊಂದಕ್ಕೂ ಬೇರೆ ಬೀಗ. ಆ ಬೀಗದ ಕೈಗಳು ಬೇರೆ ಬೇರೆ ದೇಶಗಳ ಜನರ ಹತ್ತಿರ ಇರುತ್ತವೆ. ಅವರಲ್ಲಿ ಕನಿಷ್ಠ ಮೂವರು ಬಂದು ಪೆಟ್ಟಿಗೆ ತೆರೆದು, ಒಳಗಿನ ಕಾರ್ಡ್ ಕೊಟ್ಟರೆ ಮಾತ್ರ ಕೆಲಸ ಮುಂದುವರಿಯುತ್ತದೆ.

ಏನು ಕೆಲಸ? ನಾವು ಟೈಪ್ ಮಾಡಿದ ವೆಬ್ ಹೆಸರಿಗೆ ಸಿಕ್ಕ ವಿಳಾಸ ಅಸಲಿಯೋ ನಕಲಿಯೋ ಎಂದು ಕಂಪ್ಯೂಟರ್ ತಿಳಿಯುವುದು ಡಿಜಿಟಲ್ ಸಹಿಗಳಿಂದ. ಆ ಸಹಿಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿವೆ. ಸರಪಳಿಯ ಮೊದಲ ಕೊಂಡಿ ಈ ಕೋಣೆಯಲ್ಲಿದೆ. ಇಂಥದ್ದೇ ಇನ್ನೊಂದು ಕೋಣೆ ವರ್ಜೀನಿಯಾದಲ್ಲಿದೆ. 2010ರಲ್ಲಿ ಶುರುವಾದ ಈ ಏರ್ಪಾಡನ್ನು ನಡೆಸುವುದು ಜಗತ್ತಿನ ವೆಬ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಎಂಬ ಸಂಸ್ಥೆ. ಬೀಗದ ಕೈ ಹಿಡಿದವರು ಅದರ ನೌಕರರಲ್ಲ. ಎಲ್ಲವೂ ವಿಡಿಯೊದಲ್ಲಿ ನೇರ ಪ್ರಸಾರವಾಗುತ್ತದೆ. ಯಾರು ಬೇಕಾದರೂ ನೋಡಬಹುದು.

ನನಗೆ ಇದು ತುಂಬಾ ಇಷ್ಟವಾಗುತ್ತದೆ. ‘ನಮ್ಮನ್ನು ನಂಬಿ’ ಎಂದು ಹೇಳುವ ಬದಲು ‘ಬಂದು ನೋಡಿ’ ಎನ್ನುತ್ತಾರಲ್ವಾ! ಆದರೆ ಇದೇ ಸಂಸ್ಥೆ ದುಡ್ಡಿನ ವಿಷಯ ತೀರ್ಮಾನಿಸುವಾಗ ಏನಾಗುತ್ತದೆ?

‘ಡಾಟ್ ಆರ್ಗ್’ (.org) ಎಂದು ಕೊನೆಯಾಗುವ ವೆಬ್ ಹೆಸರುಗಳನ್ನು ಜಾಸ್ತಿ ಬಳಸುವುದು ಸೇವಾ ಸಂಸ್ಥೆಗಳು. ಅದರ ಸಗಟು ದರವನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿರಲಿಲ್ಲ. 2019ರಲ್ಲಿ ಈ ಮಿತಿ ತೆಗೆಯುವ ಪ್ರಸ್ತಾವ ಬಂತು. ಐಕ್ಯಾನ್ ಸಾರ್ವಜನಿಕರ ಅಭಿಪ್ರಾಯ ಕೇಳಿತು. 3,000ಕ್ಕೂ ಹೆಚ್ಚು ಪತ್ರಗಳು ಬಂದವು. ಬಹುತೇಕ ಎಲ್ಲವೂ ‘ಬೇಡ’ ಎಂದವು. ಜೂನ್ ಕೊನೆಗೆ ಮಿತಿ ಹೋಯಿತು.

ಜನರನ್ನು ಕೇಳಿದ್ದು ನಿಜ. ಆದರೆ ಅವರ ಮಾತಿಗೆ ಯಾಕೆ ಒಪ್ಪಲಿಲ್ಲ ಎಂದು ಸರಿಯಾಗಿ ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳಲಿಲ್ಲ. ನನ್ನ ಸಂಕಟ ಇರುವುದು ಇಲ್ಲೇ.

ಅದೇ ನವೆಂಬರ್‌ನಲ್ಲಿ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನೇ 113.5 ಕೋಟಿ ಡಾಲರ್‌ಗೆ ಒಂದು ಖಾಸಗಿ ಹೂಡಿಕೆ ಕಂಪನಿಗೆ ಮಾರುವ ಸುದ್ದಿ ಬಂತು. ಈ ಸಲವೂ ಜನ ಕೂಗಿದರು. ಜೊತೆಗೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಐಕ್ಯಾನ್‌ಗೆ ಪತ್ರ ಬರೆದು, ಒಪ್ಪಿಗೆ ಕೊಡಬೇಡಿ ಎಂದರು. ಐಕ್ಯಾನ್ ಅಲ್ಲಿನ ಕಾನೂನಿನಡಿ ನೋಂದಣಿಯಾದ ಲಾಭರಹಿತ ಸಂಸ್ಥೆ, ಅವರ ಮಾತನ್ನು ಸುಮ್ನೆ ಬದಿಗಿಡುವಂತಿರಲಿಲ್ಲ. 2020ರ ಏಪ್ರಿಲ್ 30ರಂದು ಮಾರಾಟಕ್ಕೆ ಒಪ್ಪಿಗೆ ಸಿಗಲಿಲ್ಲ.

ಹಿಂದೆ ಇನ್ನೊಂದು ದಾರಿಯೂ ಇತ್ತು. 2000ದಲ್ಲಿ ಇಂಟರ್ನೆಟ್ ಬಳಸುವ ಸಾಮಾನ್ಯ ಜನರೇ ಆನ್‌ಲೈನ್‌ನಲ್ಲಿ ಮತ ಹಾಕಿ ಐಕ್ಯಾನ್ ಮಂಡಳಿಗೆ ಐದು ಜನರನ್ನು ಕಳಿಸಿದರು. ಹಾಗೆ ಗೆದ್ದ ಕಾರ್ಲ್ ಆಯರ್‌ಬಾಕ್ ತಮ್ಮದೇ ಸಂಸ್ಥೆಯ ದಾಖಲೆ ನೋಡಲು ಕೋರ್ಟಿಗೆ ಹೋಗಬೇಕಾಯಿತು. 2002ರಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಐಕ್ಯಾನ್ ಇಂಥ ಚುನಾವಣೆಯನ್ನೇ ಕೈಬಿಟ್ಟಿತು. ಈಗ ಮತ ಹಾಕುವ 16 ನಿರ್ದೇಶಕರಲ್ಲಿ ಸಾಮಾನ್ಯ ಬಳಕೆದಾರರ ಕಡೆಯಿಂದ ಆರಿಸಿ ಬರುವವರು ಒಬ್ಬರೇ. ನನ್ನ ಪ್ರಕಾರ ಇದು ತೀರಾ ಕಡಿಮೆ.

2016ರ ಅಕ್ಟೋಬರ್ 1ರಂದು ಐಕ್ಯಾನ್ ಜೊತೆ ಅಮೆರಿಕ ಸರ್ಕಾರಕ್ಕಿದ್ದ ಮೇಲ್ವಿಚಾರಣೆಯ ಒಪ್ಪಂದ ಮುಗಿಯಿತು. ಮೇಲ್ವಿಚಾರಣೆ ಮಾಡಲು ಸರ್ಕಾರ ಇಲ್ಲದ ಮೇಲೆ ಹೊಸ ನಿಯಮಗಳು ಬಂದವು: ಐಕ್ಯಾನ್ ಕೆಲಸದಲ್ಲಿ ಪಾಲ್ಗೊಳ್ಳುವ ಬೇರೆ ಬೇರೆ ಗುಂಪುಗಳು ಒಟ್ಟಾಗಿ ಅದರ ಬಜೆಟ್ ತಿರಸ್ಕರಿಸಬಹುದು, ಇಡೀ ಮಂಡಳಿಯನ್ನೇ ಇಳಿಸಬಹುದು. ಒಳ್ಳೆಯದೇ. ಆದರೆ ದರದ ಮಿತಿಯಂಥ ಒಂದು ಒಪ್ಪಂದದ ಸಾಲಿಗೆ ಆ ದೊಡ್ಡ ಅಸ್ತ್ರ ಯಾರು ಎತ್ತುತ್ತಾರೆ?

ಕೊನೆಗೆ ಡೊಮೇನ್ ಹೆಸರು ಮಾರುವ ಒಂದು ಕಂಪನಿ, ಐಕ್ಯಾನ್ ನಿಯಮಗಳಲ್ಲೇ ಇರುವ ಸ್ವತಂತ್ರ ವಿಚಾರಣೆಯ ಮೊರೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ವಿಚಾರಣಾ ಮಂಡಳಿ, ಮಿತಿ ತೆಗೆದ ರೀತಿಯಲ್ಲಿ ಐಕ್ಯಾನ್ ತನ್ನ ಪಾರದರ್ಶಕತೆಯ ನಿಯಮವನ್ನೇ ಮುರಿದಿದೆ ಎಂದು ಹೇಳಿತು. ಮಿತಿ ಹೋಗಿ ಆಗಲೇ ಮೂರೂವರೆ ವರ್ಷವಾಗಿತ್ತು.