ಕ್ಲೋರಿನ್ ಇಲ್ಲದ ಈಜುಕೊಳ: ನಮ್ಮ ಬಿಸಿಲಿಗೆ ಈ ನೀರು ತಡೆಯುತ್ತಾ?

ಏಪ್ರಿಲ್‌ನಲ್ಲಿ ಅಕ್ಕನ ಮಕ್ಕಳನ್ನ ಕರ್ಕೊಂಡು ಮೈಸೂರಿನ ಹೊರಗಿರೋ ಒಂದು ಫಾರ್ಮ್‌ಸ್ಟೇಗೆ ಹೋಗಿದ್ವಿ. ಅಲ್ಲಿ ನೀಲಿ ಟೈಲ್ಸ್ ಇಲ್ಲ, ಮೂಗಿಗೆ ಹೊಡೆಯೋ ಕ್ಲೋರಿನ್ ವಾಸನೆ ಇಲ್ಲ. ಒಂದು ಕಡೆ ಎಂಟಡಿ ಆಳದ ಕೊಳ, ಅದಕ್ಕೆ ಅಂಟಿಕೊಂಡೇ ಜಲ್ಲಿ ತುಂಬಿದ ಮಡಿ, ಮಡಿ ತುಂಬ ಜೊಂಡು, ಆಪು, ನೈದಿಲೆ. ಏರೋಪ್ಲೇನ್ ಚಿಟ್ಟೆಗಳು ನೀರು ಮುಟ್ಟಿ ಮುಟ್ಟಿ ಹಾರ್ತಿದ್ವು. ತಳದ ಕಲ್ಲು ಕಾಣೋವಷ್ಟು ತಿಳಿ ನೀರು. ಇಳಿದ್ರೆ ಕಣ್ಣು ಉರಿಯಲ್ಲ, ಹೊರಗೆ ಬಂದ್ಮೇಲೆ ಮೈ ಬಿಗಿಯಲ್ಲ, ಮಕ್ಕಳು ಎದ್ದು ಬರೋಕೇ ಒಪ್ಪಲಿಲ್ಲ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ ನೋಡಿ, ಮೇಲಿನ ಒಂದಡಿ ನೀರು ಮಗು ಸ್ನಾನಕ್ಕೆ ಹದ ಮಾಡಿಟ್ಟ ಹಾಗೆ ಬೆಚ್ಚಗಿತ್ತು. ಆ ಬೆಚ್ಚಗಿನ ನೀರು ನನ್ನ ತಲೆಯಿಂದ ಹೋಗ್ಲೇ ಇಲ್ಲ, ಈ ಲೇಖನ ಬರೆಯೋಕೆ ಕಾರಣಾನೂ ಅದೇ.

ಈ ಥರದ ಕೊಳಕ್ಕೆ ನ್ಯಾಚುರಲ್ ಪೂಲ್ ಅಂತಾರೆ. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, 1970ರ ದಶಕದ ಕೊನೆ, 1980ರ ದಶಕದ ಹೊತ್ತಿಗೆ. ಮನೆ ಹಿತ್ತಲಲ್ಲಿ ಕೆಮಿಕಲ್ ಇಲ್ಲದೆ ಈಜಬೇಕು ಅಂತ ಕೆಲವರು ಶುರು ಮಾಡಿದ್ದು ಜರ್ಮನಿ, ಸ್ವಿಟ್ಜರ್ಲೆಂಡ್‌ಗೆ ಹಬ್ಬಿ ಆಮೇಲೆ ಊರಿಗೆಲ್ಲ ತೆರೆದ ಕೊಳಗಳೂ ಬಂದ್ವು. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಪಕ್ಕದ ರೀಹೆನ್‌ನಲ್ಲಿ 2014ರಲ್ಲಿ ದೊಡ್ಡದೊಂದು ಆಯ್ತು, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2015ರಲ್ಲಿ. ಅದೇ 2015ರಲ್ಲಿ ಲಂಡನ್‌ನ ಕಿಂಗ್ಸ್ ಕ್ರಾಸ್‌ನಲ್ಲಿ ತೆರೆದ ಚಿಕ್ಕ ಕೊಳಕ್ಕೆ ದಿನಕ್ಕೆ 163 ಜನಕ್ಕಿಂತ ಹೆಚ್ಚು ಬಿಡ್ತಿರಲಿಲ್ಲ. ಗಿಡಗಳು ಒಂದು ದಿನಕ್ಕೆ ಎಷ್ಟು ಜನರ ಕೊಳೆ ತೊಳೀಬಲ್ಲವೋ ಅಷ್ಟೇ ಜನ. ನಮ್ಮಲ್ಲಿ ಭಾನುವಾರ ಬಾಗಿಲಲ್ಲಿ ನಿಂತು ಇವತ್ತಿನ ಲೆಕ್ಕ ಮುಗೀತು, ನಾಳೆ ಬನ್ನಿ ಅಂತ ಹೇಳೋರನ್ನ ನಾನಂತೂ ನೋಡಿಲ್ಲ.

ಒಳಗೆ ಏನು ನಡೆಯುತ್ತೆ ಅಂದ್ರೆ, ಪಂಪು ಕೊಳದ ನೀರನ್ನ ಜಲ್ಲಿ ಮಡಿಗೆ ನಿಧಾನಕ್ಕೆ ತಳ್ಳುತ್ತೆ. ಜಲ್ಲಿ ಕಲ್ಲಿನ ಮೇಲೆ ಕೈಗೆ ಲೋಳೆ ಲೋಳೆ ಅನ್ನಿಸೋ ಪದರ ಇರುತ್ತಲ್ಲ, ಅದರಲ್ಲಿರೋ ಬ್ಯಾಕ್ಟೀರಿಯಾಗಳು ಬೆವರು, ಎಣ್ಣೆ, ಎಲೆ ಕೊಳೆತದ್ದು ಎಲ್ಲಾನೂ ತಿಂದು ಕರಗಿಸ್ತವೆ, ಕರಗಿದ ಗೊಬ್ಬರದ ಅಂಶ ಗಿಡದ ಬೇರಿಗೆ ಹೋಗುತ್ತೆ, ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ನೀರು ಚಿಗಟಗಳು ಪಾಚಿ ತಿಂತವೆ. ಇದೆಲ್ಲದರ ಬೀಗದ ಕೈ ಫಾಸ್ಫೇಟು. ನೀರಿನಲ್ಲಿ ಅದು ಕಮ್ಮಿ ಇದ್ದಷ್ಟೂ ಪಾಚಿಗೆ ಊಟ ಇಲ್ಲ, ಅದಕ್ಕೇ ಒಳ್ಳೆ ಕೊಳಗಳಲ್ಲಿ ಮೀನು ಕೂಡ ಬಿಡಲ್ಲ, ಮೀನಿನ ಹಿಕ್ಕೆಯೇ ಗೊಬ್ಬರ ಆಗುತ್ತೆ ಅಂತ.

ನಮ್ಮ ಮಂಡ್ಯ ಕಡೆ ಕಷ್ಟ ಇರೋದು ಇಲ್ಲೇ. ನಾಲೆ ನೀರು ಭತ್ತದ ಗದ್ದೆ, ಕಬ್ಬಿನ ತೋಟ ಹಾದು ಬರುತ್ತೆ, ಡಿಎಪಿ ಅನ್ನೋ ಫಾಸ್ಫೇಟ್ ಗೊಬ್ಬರ ಚೆಲ್ಲಿದ ಹೊಲದ ಬಸಿನೀರು ಅದಕ್ಕೇ ಸೇರುತ್ತೆ. ಆ ನೀರು ತುಂಬಿಸಿ ಕೊಳ ಮಾಡಿದ್ರೆ ಜೊಂಡು ಎಷ್ಟು ಅಂತ ಹೀರುತ್ತೆ? ಎರಡು ವಾರಕ್ಕೆ ಪಾಚಿ ಕಟ್ಟಿ ನೀರು ಬಟಾಣಿ ಗಂಜಿ ಥರ ಆಗುತ್ತೆ. ಹಸಿರು ನೊರೆ ಮೇಲೆ ತೇಲಿದ್ರೆ ಅದರಲ್ಲಿ ನೀಲಿ ಹಸಿರು ಪಾಚಿ ಇರಬಹುದು, ಕೆಲವು ಜಾತಿಯವು ವಿಷ ಬಿಡ್ತವೆ, ಚರ್ಮ ಕಡಿಯುತ್ತೆ, ನುಂಗಿದ್ರೆ ವಾಂತಿ, ಲಿವರ್‌ಗೆ ತೊಂದ್ರೆ.

ಕ್ಲೋರಿನ್ ಹಾಕದೆ ಈಜೋದು ನಮಗೇನೂ ಹೊಸದಲ್ಲ. ಪಾಂಡವಪುರದ ಹತ್ರ ನಮ್ಮಜ್ಜಿ ಊರಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ತೋಟದ ಬಾವಿಗೆ ಧುಮುಕಿ ಈಜು ಕಲಿತವನು ನಾನು. ಆ ಬಾವಿ ನೀರು ಕೆಡದೆ ಇದ್ದಿದ್ದರ ಗುಟ್ಟು ಈಗ ಅರ್ಥ ಆಗ್ತಿದೆ. ದಿನಾ ಕರೆಂಟು ಬಂದ ತಕ್ಷಣ ಪಂಪ್‌ಸೆಟ್ಟು ಹಳೇ ನೀರನ್ನ ಗದ್ದೆಗೆ ಎತ್ತಿಬಿಡೋದು, ಬಂಡೆ ಸಂದಿಯಿಂದ ತಣ್ಣನೆ ಹೊಸ ನೀರು ಊರೋದು. ಬಾವಿ ಆಳ, ಬಿಸಿಲು ತಳ ಮುಟ್ಟಲ್ಲ. ಈಜೋರು ಐದಾರು ಹುಡುಗ್ರು ಅಷ್ಟೇ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಇರಲಿ, ನಂಜನಗೂಡಿನ ಕಪಿಲೆ ಇರಲಿ, ಅಲ್ಲೂ ನೀರು ಹರೀತಿತ್ತು. ನಿಂತ ನೀರು ಅಂದ್ರೆ ಮೇಲುಕೋಟೆ ಕಲ್ಯಾಣಿ ಥರದ್ದು, ಅದಕ್ಕೆ ಕಟ್ಟುಪಾಡು ಇರ್ತಿತ್ತು. ಕಾಲು ತೊಳೆದು ಇಳಿ, ನೀರಲ್ಲಿ ಉಗಿಬೇಡ ಅಂತ ಅಜ್ಜಿ ಗದರೋರು.

ಹಂಗಂತ ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ನಾರುಹುಣ್ಣು ಎಷ್ಟು ಜನರನ್ನ ಮಲಗಿಸ್ತು. ಕಾಲಲ್ಲಿ ಹುಳುವಿನ ಗುಳ್ಳೆ ಇರೋರು ನೀರಿಗೆ ಇಳಿತಿದ್ದ ಹಾಗೆ ಮರಿಹುಳುಗಳು ನೀರಿಗೆ ಬೀಳ್ತಿದ್ವು, ಅವನ್ನ ಸಣ್ಣ ನೀರುಜೀವಿಗಳು ತಿನ್ನೋವು, ಆ ನೀರು ಕುಡಿದವರ ಮೈಯಲ್ಲಿ ವರ್ಷದ ಮೇಲೆ ಮೊಳದುದ್ದದ ಹುಳು. ಕೇಂದ್ರ ಸರ್ಕಾರ 1983-84ರಲ್ಲಿ ಕಾರ್ಯಕ್ರಮ ಶುರು ಮಾಡಿ ಮೆಟ್ಟಿಲು ಬಾವಿಗಳನ್ನ ಸೇದೋ ಬಾವಿ ಮಾಡಿಸ್ತು, ನೀರು ಸೋಸಿ ಕುಡಿಯೋದನ್ನ ಕಲಿಸ್ತು, ದೇಶದ ಕೊನೇ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕಿದ್ದು. ನಮ್ಮ ಮಂಡ್ಯದ ಕಥೆ ಬೇರೆ. ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಹೊಲಗಳಿಗೆ ಬಂದಾಗ ಬೆಳೆ ಜೊತೆಗೆ ಮಲೇರಿಯಾನೂ ಬಂತು. ಮೈಸೂರಲ್ಲಿ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಗೆ ಊರು ಬೆಳೀತಾ ಬೆಳೀತಾ ಕೊಳಚೆ ನುಗ್ಗಿದ್ದು ಎಲ್ಲರಿಗೂ ಗೊತ್ತು.

ಕೊಳಚೆ ಸೇರಿದ ನೀರಿನಿಂದ ರೋಗ ಹಬ್ಬೋ ಭಯದಿಂದಲೇ ಜಗತ್ತು ಕ್ಲೋರಿನ್ ಕಡೆ ತಿರುಗಿದ್ದು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಊರಿನ ಕುಡಿಯೋ ನೀರಿಗೆ ಕ್ಲೋರಿನ್ ಹಾಕೋದು ಶುರುವಾಯ್ತು, ಅಲ್ಲಿಂದ ಈಜುಕೊಳಕ್ಕೂ ಬಂತು. ಅದರ ದೊಡ್ಡ ಗುಣ ಏನಂದ್ರೆ ಅದು ನೀರಲ್ಲೇ ಕಾವಲು ನಿಂತಿರುತ್ತೆ. ಭೇದಿ ಆಗಿರೋ ಒಂದು ಮಗು ಕೊಳಕ್ಕೆ ಇಳೀತು ಅನ್ಕೊಳ್ಳಿ, ಒಂದು ಪಿಪಿಎಂ, ಅಂದ್ರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂನಷ್ಟು ಕ್ಲೋರಿನ್ ಸರಿಯಾಗಿದ್ರೆ ಮಲದಲ್ಲಿ ಬರೋ ಇ ಕೊಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತೆ. ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರೋಪಜೀವಿ ಮಾತ್ರ ಹತ್ತು ದಿನ ತಡೆಯುತ್ತೆ, ಅಂದ್ರೆ ಕ್ಲೋರಿನ್ ಕೊಳಾನೂ ಪೂರ್ತಿ ಭದ್ರ ಅಲ್ಲ. ಆ ಕಣ್ಣುರಿ, ಆ ವಾಸನೆ ಕೂಡ ಬರೀ ಕ್ಲೋರಿನ್‌ದಲ್ಲ, ನಮ್ಮ ಬೆವರು ಮೂತ್ರದ ಜೊತೆ ಅದು ಸೇರಿ ಆಗೋ ಕ್ಲೋರಮೈನ್‌ದು. ನ್ಯಾಚುರಲ್ ಪೂಲ್‌ನಲ್ಲಿ ಈ ಕಾವಲುಗಾರ ಇಲ್ಲ. ನೀರು ಜಲ್ಲಿ ಮಡಿಗೆ ಹೋಗಿ ತಿಳಿಯಾಗಿ ಬರೋಕೆ ಗಂಟೆಗಟ್ಟಲೆ ಬೇಕು, ಪಕ್ಕದಲ್ಲಿ ಈಜ್ತಿರೋರ ಬಾಯಿಗೆ ಹೋಗೋಕೆ ಒಂದು ಕ್ಷಣ ಸಾಕು. ನೀರು ತಿಳಿಯಾಗಿದೆ ಅಂತ ಶುದ್ಧ ಅನ್ನೋಕಾಗಲ್ಲ, ಲ್ಯಾಬಲ್ಲೇ ಗೊತ್ತಾಗೋದು. ಜರ್ಮನಿಯವರು ಸಾರ್ವಜನಿಕ ನ್ಯಾಚುರಲ್ ಪೂಲ್‌ಗಳಿಗೆ 100 ಮಿಲಿ ನೀರಲ್ಲಿ ಇ ಕೊಲೈ 100, ಕರುಳಿನ ಇನ್ನೊಂದು ಬ್ಯಾಕ್ಟೀರಿಯಾ ಎಂಟೆರೊಕಾಕಸ್ 50, ಕಿವಿ ಸೋರೋದಕ್ಕೆ ಕಾರಣ ಆಗೋ ಸ್ಯೂಡೊಮೊನಾಸ್ 10 ದಾಟಬಾರದು ಅಂತ ಇಟ್ಟಿದ್ದಾರೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಾಂಗಣ ಸ್ನಾನದ ನೀರಿಗೆ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಗೆ 500ರ ಒಳಗಿದ್ರೆ ಒಳ್ಳೇದು, 2500 ದಾಟಬಾರದು ಅನ್ನುತ್ತೆ, ಅದು ನದಿ ಸ್ನಾನಕ್ಕೆ ಇಟ್ಟ ಅಳತೆ.

ಈಗ ಆ ಬೆಚ್ಚಗಿನ ನೀರಿಗೆ ಬರ್ತೀನಿ. ಆಸ್ಟ್ರಿಯಾದ ಕೊಳಗಳು ಹುಟ್ಟಿದ್ದು ಆಲ್ಪ್ಸ್ ತಂಪಲ್ಲಿ, ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಈಜೋ ಜಾಗದಲ್ಲಿ. ಮೈಸೂರು ಮಂಡ್ಯದಲ್ಲಿ ಏಪ್ರಿಲ್ ಬಿಸಿಲು 35 ಡಿಗ್ರಿ ಮುಟ್ಟುತ್ತೆ, ಆಳ ಇಲ್ಲದ ನೀರು ಇನ್ನೂ ಬೇಗ ಕಾಯುತ್ತೆ. ನೇಗ್ಲೇರಿಯಾ ಫೌಲೆರಿ ಅನ್ನೋ ಅಮೀಬಾಗೆ ಬೇಕಾಗಿರೋದು ಇದೇ, ಅದು 46 ಡಿಗ್ರಿವರೆಗೂ ಬೆಳೆಯುತ್ತೆ. ನೀರು ಕುಡಿದ್ರೆ ಏನೂ ಆಗಲ್ಲ, ಮೂಗಿನೊಳಗೆ ನುಗ್ಗಿದ್ರೆ ಮಿದುಳಿಗೆ ಹೋಗುತ್ತೆ. ತೀರಾ ಅಪರೂಪ, ನಿಜ. ಅಮೆರಿಕದಲ್ಲಿ 1962ರಿಂದ 2023ರವರೆಗೆ 164 ಕೇಸು, ಬದುಕಿದ್ದು ನಾಲ್ಕೇ ಜನ. ಕೇರಳದಲ್ಲಿ 2024, 2025ರಲ್ಲಿ ಇಂಥ ಅಮೀಬಾ ಮಿದುಳು ಜ್ವರದ ಕೇಸುಗಳು ಹೆಚ್ಚಾದ್ವು, 2024ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬೇಗ ಗುರುತು ಹಿಡಿದಿದ್ದಕ್ಕೆ ಬದುಕಿ ಬಂದ. 2025ರ ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆ ಶಬರಿಮಲೆಗೆ ಹೋಗೋ ಮಾಲಾಧಾರಿಗಳಿಗೆ ನೀರಿಗಿಳಿದಾಗ ಮೂಗು ಮುಚ್ಕೊಳ್ಳಿ, ನೋಸ್ ಕ್ಲಿಪ್ ಹಾಕ್ಕೊಳ್ಳಿ ಅಂತ ಹೇಳಬೇಕಾಯ್ತು.

ದಿನನಿತ್ಯದ ಭಯ ಅಂದ್ರೆ ನನಗೆ ಇಲಿ ಜ್ವರ. ಇಲಿ, ನಾಯಿ, ದನದ ಉಚ್ಚೆ ನೀರಿಗೆ ಬಿದ್ದು, ನಮ್ಮ ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗೋದು. ಗದ್ದೆ ಕೆಲಸದೋರಿಗೆ ಇದು ಚೆನ್ನಾಗಿ ಗೊತ್ತು. ನೀರಿಗೆ ಇಳಿದು ವಾರ ಎರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದ್ರೆ ಡಾಕ್ಟ್ರಿಗೆ ಈಜಿದ್ದನ್ನ ಹೇಳಲೇಬೇಕು, ಹೇಳದಿದ್ರೆ ಅವರೂ ಬರೀ ವೈರಲ್ ಅನ್ಕೋತಾರೆ. ಆ ಫಾರ್ಮ್‌ಸ್ಟೇಯಲ್ಲಿ ಸಂಜೆ ಎರಡು ನಾಯಿ ಮರಿಗಳು ನೈದಿಲೆ ಪಕ್ಕ ನೀರು ಕುಡೀತಾ ನಿಂತಿದ್ವು, ಬೇಲಿ ಇರಲಿಲ್ಲ.

ಮಾಲೀಕರ ಹತ್ರ ಕೂತು ಕೇಳಿದೆ. ಒಳ್ಳೆ ಮನುಷ್ಯರು, ದುಡ್ಡು ಸುರಿದು ಪ್ರೀತಿಯಿಂದ ಮಾಡಿಸಿದ್ದಾರೆ. ಪಂಪು ರಾತ್ರಿ ನಿಲ್ಲಿಸ್ತೀರಾ ಅಂದೆ, ಕರೆಂಟ್ ಬಿಲ್ಲು ಅಂದ್ರು. ಜಲ್ಲಿ ಮೇಲಿನ ಬ್ಯಾಕ್ಟೀರಿಯಾಗೆ ನೀರಿನ ಜೊತೆ ಬರೋ ಆಮ್ಲಜನಕ ಬೇಕು, ಪಂಪು ನಿಂತ್ರೆ ಅವು ಸೊರಗ್ತವೆ ಅಂದಾಗ ಅವರು ಸುಮ್ಮನಾಗಿ ಯೋಚಿಸಿದ್ರು. ನೀರು ಟೆಸ್ಟ್ ಮಾಡಿಸಿದೀರಾ ಅಂದೆ, ಕಟ್ಟಿದ ಹೊಸದರಲ್ಲಿ ಒಂದ್ಸಲ, ಅದೂ ಗಡಸುತನ ನೋಡೋಕೆ. ಈಜೋಕೆ ಮುಂಚೆ ಸೋಪು ಹಚ್ಚಿ ಸ್ನಾನ ಮಾಡೋಕೆ ಪಕ್ಕದಲ್ಲೇ ಶವರ್ ಹಾಕ್ಸಿ, ಮಧ್ಯಾಹ್ನ ಮುಚ್ಚಿ ಬೆಳಗ್ಗೆ ಬಿಡಿ, ಕೊಳದ ಮೇಲೆ ಒಂದು ಕಡೆ ನೆರಳು ಮಾಡಿ, ಒಂದು ಥರ್ಮಾಮೀಟರ್ ಇಳಿಬಿಡಿ ಅಂದೆ. ಮೇ ತಿಂಗಳಲ್ಲಿ ಫೋನ್ ಮಾಡಿದ್ರು, ಬೇಲಿ ಹಾಕಿಸಿದೀನಿ, ಲ್ಯಾಬಿನಿಂದ ಸ್ಟೆರೈಲ್ ಬಾಟಲಿ ತಂದು ನೀರು ತುಂಬಿ ಐಸ್ ಡಬ್ಬಿಯಲ್ಲಿ ಕಳಿಸಿದೀನಿ ಅಂತ. ಮಕ್ಕಳು ದಿನಾ ಯಾವಾಗ ಹೋಗೋದು ಮಾಮ ಅಂತ ಪೀಡಿಸ್ತಿದ್ದಾರೆ, ರಿಪೋರ್ಟ್ ಬರ್ಲಿ ಅಂದಿದೀನಿ.